ಮರ ತೆಗೆಯುವ ಗುತ್ತಿಗೆ: ಹೊಣೆ ಯಾರದು?

ಮುಂಗಾರಿಗೆ ಮೊದಲು ಬೀಸುವ ಬಿರುಗಾಳಿಯು ಬೆಂಗಳೂರಿಗೆ ಹೊಸದಲ್ಲ. ಏಪ್ರಿಲ್, ಮೇ ತಿಂಗಳುಗಳ ಸಂಜೆಯಲ್ಲಿ ಒಂದು ಗಳಿಗೆ ಗಾಳಿಮಳೆಯಾದರೆ ಸಾಕು, ಬೀದಿಬದಿಯ ಗುಲ್‌ಮೊಹರ್ ಮರವೋ ಮಳೆಮರವೋ ಬುಡಸಹಿತ ಉರುಳುವುದು, ಕೊಂಬೆಗಳು ವಿದ್ಯುತ್ ತಂತಿಗಳ ಮೇಲೆ ಮುರಿದುಬೀಳುವುದು ಪೌರಜನರಿಗೆಲ್ಲ ತಿಳಿದ ಸಂಗತಿ. ಬಿದ್ದ ಮರವನ್ನು ತೆಗೆಯಲು ಐದಾರು ಮಂದಿ ಬರುತ್ತಾರೆ. ದಾರಿ ತೆರವಾದೊಡನೆ ನಾವು ಅವರನ್ನು ಮರೆಯುತ್ತೇವೆ. ಅವರು ಯಾರ ಆಳುಗಳು, ಅವರ ಕೈಯ ಯಂತ್ರಗರಗಸ ಯಾರದು, ಕ್ರೇನು ಯಾರದು, ಅವರಲ್ಲೊಬ್ಬನು ಕೊಂಬೆಯ ಮೇಲಿಂದ ಬಿದ್ದರೆ ಅವನ ಹೆಂಡತಿಮಕ್ಕಳು ಯಾರ ಬಾಗಿಲಿಗೆ ಹೋಗಬೇಕು ಎಂದು ವಿಚಾರಿಸುವವರು ವಿರಳ. ಈ ವಿಚಾರವನ್ನು ಇಂದು ನಮ್ಮ ವಾಚಕರ ಮುಂದೆಯೂ ಅಧಿಕಾರಿವರ್ಗದ ಮುಂದೆಯೂ ಇಡಬಯಸುತ್ತೇವೆ.

ಮರ ತೆಗೆಯುವ ತಂಡಗಳನ್ನು ಗುತ್ತಿಗೆಯ ಮೇಲೆ ಗೊತ್ತುಮಾಡುವ ಪದ್ಧತಿಯು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಕಾಲದಿಂದ ನಡೆದುಬಂದುದು. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯ ಸ್ಥಾನಕ್ಕೆ ಐದು ನಗರ ಪಾಲಿಕೆಗಳು ಬಂದಿವೆ. ಈ ಪದ್ಧತಿಯನ್ನು ನಾವು ಸರ್ವಥಾ ಖಂಡಿಸುವವರಲ್ಲ. ವರ್ಷದ ಕೆಲವು ವಾರಗಳಲ್ಲಿ ಮಾತ್ರ ನೂರಾರು ಕೈಗಳೂ ಹಲವಾರು ಕ್ರೇನುಗಳೂ ಬೇಕಾಗುವ ಕೆಲಸಕ್ಕೆ ವರ್ಷವಿಡೀ ಅವನ್ನು ಸಾಕುವುದು ಯಾವ ಪಾಲಿಕೆಗೂ ಹೊರೆಯೇ ಸರಿ. ಗುತ್ತಿಗೆದಾರನಾದರೂ ಒಂದೇ ರಾತ್ರಿ ಹತ್ತು ಕಡೆಗಳಿಂದ ಕರೆ ಬಂದಾಗ ಹೊರಗಿನ ಆಳುಗಳನ್ನೂ ಬಾಡಿಗೆಯ ಯಂತ್ರಗಳನ್ನೂ ಹಿಡಿಯದೆ ನಿರ್ವಾಹವಿಲ್ಲ. ಕೆಲಸವನ್ನು ಒಳಗುತ್ತಿಗೆಗೆ ಕೊಡಬಹುದು; ಹೊಣೆಯನ್ನು ಒಳಗುತ್ತಿಗೆಗೆ ಕೊಡಕೂಡದು. ನಮ್ಮ ವಾದವೆಲ್ಲ ಇಷ್ಟೇ.

ಮರ ಕಡಿಯುವುದು ಬರಿಯ ತೋಳ್ಬಲದ ಕೆಲಸವೆಂದು ತಿಳಿದಿರುವವರು ಅದನ್ನು ಹತ್ತಿರದಿಂದ ಕಂಡವರಲ್ಲ. ಮನೆಗಳ ನಡುವೆ ನಿಂತ ಮರವನ್ನು ಕಾಡಿನ ಮರದಂತೆ ಬುಡದಿಂದ ಕೆಡಹಲಾಗದು. ಮೇಲಿನಿಂದ ಒಂದೊಂದೇ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ಇಳಿಸಬೇಕು. ಒಂದು ಘನ ಮೀಟರು ಹಸಿ ಮರವು ಸುಮಾರು ಒಂದು ಟನ್ನು ತೂಗಬಹುದು. ಕಣ್ಣಂದಾಜಿನ ಲೆಕ್ಕ ತಪ್ಪಿದರೆ ಹಗ್ಗವೂ ಹರಿಯುವುದು, ಕ್ರೇನೂ ಮಗುಚುವುದು. ಕ್ರೇನಿನ ತೋಳು ಚಾಚಿದಷ್ಟೂ ಅದು ಎತ್ತಬಲ್ಲ ಭಾರ ಕಡಿಮೆಯಾಗುತ್ತ ಹೋಗುವುದು. ಅದರ ಕಾಲೂರಿದ ಚಪ್ಪಡಿಯ ಕೆಳಗೆ ಚರಂಡಿಯಿದ್ದರೆ ನೆಲವೇ ಕುಸಿಯುವುದು. ಯಂತ್ರಗರಗಸದ ತುದಿಯು ಗಂಟಿಗೆ ತಾಗಿದರೆ ಗರಗಸವು ಹಿಡಿದವನ ಮುಖದ ಕಡೆಗೇ ಎಗರುವುದು. ಬೆಸ್ಕಾಂನವರು ತಂತಿಯ ವಿದ್ಯುತ್ತನ್ನು ನಿಲ್ಲಿಸಿದರೆಂಬ ಖಚಿತ ಮಾತು ಕೈಸೇರುವ ಮೊದಲು ಏಣಿ ಹತ್ತಿದವನ ಪ್ರಾಣವು ದೈವಾಧೀನವೇ ಹೊರತು ಬೇರೆಯಲ್ಲ.

ಇಂತಹ ಕೆಲಸವು ಒಂದು ಕೈಯಿಂದ ಮತ್ತೊಂದು ಕೈಗೆ ದಾಟುತ್ತ ಹೋದಾಗ ಆಗುವುದೇನು? ಪ್ರತಿ ಕೈಯೂ ತನ್ನ ಪಾಲನ್ನು ಮುರಿದುಕೊಳ್ಳುವುದು. ಕೊನೆಗೆ ಮೇಸ್ತ್ರಿಯ ಕೈಗೆ ಬಂದ ಹಣದಲ್ಲಿ ಕೂಲಿಯನ್ನೂ ಬಾಡಿಗೆಯನ್ನೂ ಕಳೆದರೆ ಹೊಸ ಹಗ್ಗಕ್ಕಾಗಲಿ, ತಲೆಗವಚಕ್ಕಾಗಲಿ, ಸೊಂಟಪಟ್ಟಿಗಾಗಲಿ ಏನೂ ಉಳಿಯದು. ಕ್ರೇನಿನ ಚಾಲಕನ ಸಂಬಳ ಯಂತ್ರದ ಮಾಲೀಕನದು, ಅವನಿಗೆ ಅಪ್ಪಣೆ ಮೇಸ್ತ್ರಿಯದು, ಮೇಸ್ತ್ರಿಗೆ ಅಪ್ಪಣೆ ಗುತ್ತಿಗೆದಾರನದು. ಅನಾಹುತವಾದ ದಿನ ಒಬ್ಬನು ಮತ್ತೊಬ್ಬನ ಕಡೆಗೆ ಬೆರಳು ತೋರಿಸುವನು. ಪಾಲಿಕೆಯವರು ಕಡತವನ್ನು ತೋರಿಸುವರು. ಗಾಯಗೊಂಡವನ ಹೆಸರು ಮಾತ್ರ ಯಾವ ಕಡತದಲ್ಲಿಯೂ ಇರದು.

ಇದಕ್ಕೆ ಶಾಸನವೇ ಇಲ್ಲವೆನ್ನುವಂತಿಲ್ಲ. ಗುತ್ತಿಗೆದಾರನ ಆಳಿಗೆ ಕೆಲಸದಲ್ಲಿ ಅಪಘಾತವಾದರೆ ಕೆಲಸ ಮಾಡಿಸಿದ ಮೂಲ ಯಜಮಾನನೇ ಪರಿಹಾರ ಕೊಟ್ಟು, ಅನಂತರ ಅದನ್ನು ಗುತ್ತಿಗೆದಾರನಿಂದ ವಸೂಲುಮಾಡಿಕೊಳ್ಳಬಹುದೆಂದು 1923ರ ಪರಿಹಾರ ಕಾಯಿದೆಯ 12ನೆಯ ಕಲಮು ವಿಧಿಸಿತ್ತು. ಸ್ಥಳೀಯ ಸಂಸ್ಥೆಯ ಕರ್ತವ್ಯಗಳನ್ನೂ ಅದರ ವ್ಯಾಪಾರವೆಂದೇ ಎಣಿಸತಕ್ಕದ್ದೆಂದು ಅದೇ ಕಾಯಿದೆ ಹೇಳಿತ್ತು. ಮರ ಬೀಳಿಸುವವನ ಕಸುಬೂ ಅದರ ಪಟ್ಟಿಯಲ್ಲಿತ್ತು. ಮೂಲ ಯಜಮಾನನ ಈ ಹೊಣೆಯನ್ನು 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಸುರಕ್ಷಾ ಸಂಹಿತೆಯೂ ಉಳಿಸಿಕೊಂಡಿದೆ. ಆದರೆ ಗುತ್ತಿಗೆ ಕಾರ್ಮಿಕರಿಗೆ ಸಂಬಂಧಿಸಿದ 1970ರ ಕಾಯಿದೆಯು 20 ಮಂದಿಗೆ ಕಡಿಮೆಯಿಲ್ಲದ ತಂಡಗಳಿಗೆ ಅನ್ವಯಿಸುತ್ತಿತ್ತು. ಆ ಕಾಯಿದೆಯ ಸ್ಥಾನಕ್ಕೆ ಬಂದ ಬೇರೊಂದು ಸಂಹಿತೆಯಲ್ಲಿ ಆ ಮಿತಿಯು 50ಕ್ಕೆ ಏರಿದೆ. ಐದಾರು ಮಂದಿಯ ಮರ ಕಡಿಯುವ ಒಳಗುತ್ತಿಗೆಯ ತಂಡವು ಅಂದೂ ಆ ರಕ್ಷಣೆಯ ಹೊರಗಿತ್ತು, ಇಂದು ಮತ್ತಷ್ಟು ದೂರಕ್ಕೆ ಸರಿದಿದೆ. ಪರಿಹಾರದ ಹಕ್ಕಿದ್ದರೂ ತಾನು ಆ ದಿನ ಆ ಕೆಲಸದಲ್ಲಿದ್ದೆನೆಂದು ರುಜುಪಡಿಸಲು ಹಾಜರಿಪಟ್ಟಿಯೇ ಇಲ್ಲದವನಿಗೆ ಹಕ್ಕಿನಿಂದ ಫಲವೇನು? ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯು ಇಲ್ಲಿಗೆ ಚೆನ್ನಾಗಿ ಒಪ್ಪುವುದು.

ಮತ್ತೊಂದು ಮಾತನ್ನೂ ಹೇಳಬೇಕಾಗಿದೆ. ಕಡಿದ ದಿಮ್ಮಿಯನ್ನೇ ಕೂಲಿಗೆ ಮುರಿದುಕೊಡುವ ಏರ್ಪಾಡು ಎಲ್ಲಿಯೇ ಇರಲಿ, ಅದು ಕೆಟ್ಟ ಏರ್ಪಾಡು. ಅಂತಹ ಗುತ್ತಿಗೆದಾರನಿಗೆ ಒಣಗಿದ ಮರಕ್ಕಿಂತ ಬೆಲೆಬಾಳುವ ಮರವೇ ಅಪಾಯಕಾರಿಯಾಗಿ ಕಾಣುವುದು. ದಿಮ್ಮಿಯು ಆ ಕ್ಷಣವೇ ಲಾರಿ ಸೇರುವುದು, ಸೊಪ್ಪುಸದೆಗಳು ಕಾಲುದಾರಿಯಲ್ಲಿ ವಾರಗಟ್ಟಲೆ ಕೊಳೆಯುವುವು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯು ಕಡಿಯುವ ಅಪ್ಪಣೆಯನ್ನು ವೃಕ್ಷಾಧಿಕಾರಿಯ ಕೈಯಲ್ಲಿಟ್ಟಿರುವುದು ಅದನ್ನು ಗರಗಸದವನ ಆಸೆಗೆ ಬಿಡಲೆಂದಲ್ಲ.

ಹೊಸ ಪಾಲಿಕೆಗಳು ತಮ್ಮ ಗುತ್ತಿಗೆಯ ಷರತ್ತುಗಳನ್ನು ಬರೆಯುವಾಗ ಕೆಲವು ಮಾತುಗಳನ್ನು ಸೇರಿಸಲೇಬೇಕೆಂದು ನಾವು ಒತ್ತಾಯಪಡಿಸುತ್ತೇವೆ. ಒಳಗುತ್ತಿಗೆದಾರನ ಹೆಸರೂ ಪ್ರತಿ ಆಳಿನ ಹೆಸರೂ ಕೆಲಸಕ್ಕೆ ಮುಂಚೆ ದಾಖಲಾಗತಕ್ಕದ್ದು. ತಂಡದಲ್ಲಿ ಐದೇ ಮಂದಿಯಿದ್ದರೂ ವಿಮೆಯ ಪತ್ರವಿಲ್ಲದೆ ಗರಗಸ ಚಾಲೂ ಆಗಕೂಡದು. ಬಾಡಿಗೆಯ ಕ್ರೇನಿನ ಯೋಗ್ಯತಾಪತ್ರವನ್ನೂ ಚಾಲಕನ ಪರವಾನಗಿಯನ್ನೂ ಪಾಲಿಕೆಯವರೇ ನೋಡತಕ್ಕದ್ದು. ಸ್ಥಳದಲ್ಲಿ ಅಪ್ಪಣೆ ಕೊಡುವವನು ಒಬ್ಬನೇ ಇರತಕ್ಕದ್ದು. ಅವನು ಯಾರೆಂದು ಬರೆದಿಡತಕ್ಕದ್ದು. ದಿಮ್ಮಿಯ ಲೆಕ್ಕವು ಕೂಲಿಯ ಲೆಕ್ಕದಿಂದ ಬೇರೆಯಾಗಿರತಕ್ಕದ್ದು. ಇದರಿಂದ ದರವು ತುಸು ಏರುವುದೆಂದು ಕೆಲವರು ಆಕ್ಷೇಪಿಸಬಹುದು. ಏರಲಿ. ಇಂದಿನ ಅಗ್ಗದ ದರದಲ್ಲಿ ಕೊರತೆ ಬಿದ್ದ ಹಣವನ್ನು ಈಗಲೂ ಒಬ್ಬನು ತೆರುತ್ತಲೇ ಇದ್ದಾನೆ. ಅವನು ತನ್ನ ಮೈಯಿಂದ ತೆರುತ್ತಾನೆಂಬುದರಿಂದ ನಮ್ಮ ಲೆಕ್ಕದಲ್ಲಿ ಅದು ಕಾಣುವುದಿಲ್ಲ.

ಇದು ಪಾಲಿಕೆಗಳಿಗೆ ಮಾತ್ರ ಹೇಳಿದ ಮಾತಲ್ಲ. ತಮ್ಮ ಹಿತ್ತಲಿನ ತೆಂಗನ್ನೋ ಹಲಸನ್ನೋ ತೆಗೆಸುವ ಗೃಹಸ್ಥರೂ ಎಲ್ಲರಿಗಿಂತ ಕಡಿಮೆ ಕೇಳಿದವನಿಗೆ ಕೆಲಸ ಒಪ್ಪಿಸುವ ಮೊದಲು, ಅವನು ಕಡಿಮೆ ಮಾಡಿದ್ದು ತನ್ನ ಲಾಭವನ್ನೋ ಮರ ಹತ್ತುವವನ ಹಗ್ಗವನ್ನೋ ಎಂದು ಒಮ್ಮೆ ಕೇಳಲಿ. ಮುಂದಿನ ಬಿರುಗಾಳಿಯು ಯಾವ ಟೆಂಡರಿಗೂ ಕಾಯುವುದಿಲ್ಲ. ಅದು ಬರುವುದರೊಳಗೆ ಈ ಪ್ರಶ್ನೆಗೆ ಕಾಗದದ ಮೇಲೆ ಉತ್ತರವಿರುವಂತೆ ಮಾಡುವುದು ಅಧಿಕಾರದಲ್ಲಿರುವವರ ಕರ್ತವ್ಯ.