ಕೊಡದ ದತ್ತಾಂಶ

ಕೇಂದ್ರ ಸಚಿವ ಸಂಪುಟವು 2024ರ ನವೆಂಬರಿನಲ್ಲಿ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಒಪ್ಪಿಗೆಯಿತ್ತಿತು. ಮೂವತ್ತು ಪ್ರಕಾಶಕರ ಸುಮಾರು 13,000 ವಿದ್ವತ್ ಪತ್ರಿಕೆಗಳನ್ನು ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ಒದಗಿಸಲು ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಸಣ್ಣ ಊರಿನ ಅಧ್ಯಾಪಕನಿಗೂ ಅವು ದೊರೆಯುವುದಾದರೆ ಸಂತೋಷವೇ. ಆದರೆ ಇಷ್ಟು ತೆತ್ತು ನಾವು ಕೊಂಡದ್ದು ತೀರ್ಪನ್ನು ಮಾತ್ರ. ಸಾಕ್ಷ್ಯವು ಲೇಖಕರ ಕಪಾಟಿನಲ್ಲಿಯೇ ಉಳಿದಿದೆ.

ಅನೇಕ ಲೇಖನಗಳ ಕೊನೆಯಲ್ಲಿ ಒಂದು ವಾಕ್ಯವಿರುತ್ತದೆ: ಸಕಾರಣವಾಗಿ ಕೋರಿದವರಿಗೆ ದತ್ತಾಂಶವನ್ನು ಒದಗಿಸಲಾಗುವುದು. ಈ ಸೌಜನ್ಯದ ಬೆಲೆಯೆಷ್ಟು? ಹೀಗೆ ಮಾತುಕೊಟ್ಟ 1,792 ಲೇಖನಗಳ ಕರ್ತೃಗಳನ್ನು ಕ್ರೊಯೇಷಿಯಾದ ಸಂಶೋಧಕರು ಪತ್ರಮುಖೇನ ಕೇಳಿಯೇಬಿಟ್ಟರು. 2022ರಲ್ಲಿ ಪ್ರಕಟವಾದ ಅವರ ವರದಿಯಂತೆ, ದತ್ತಾಂಶ ದೊರೆತದ್ದು 122 ಲೇಖನಗಳದ್ದು. ದತ್ತವೆಂದರೆ ಕೊಟ್ಟದ್ದು, ಕೊಡದುದಕ್ಕೆ ನಮ್ಮ ನಿಘಂಟುಕಾರರು ಬೇರೊಂದು ಹೆಸರನ್ನು ಹುಡುಕಬೇಕು!

ಇದು ಕೇವಲ ಪಂಡಿತರ ಜಗಳವೆಂದು ಓದುಗರು ಭಾವಿಸಬಾರದು. ಹೈಡ್ರಾಕ್ಸಿಕ್ಲೋರೋಕ್ವಿನ್ ಸೇವಿಸಿದ ಕೋವಿಡ್ ರೋಗಿಗಳಲ್ಲಿ ಸಾವು ಹೆಚ್ಚೆಂದು 2020ರ ಮೇ 22ರಂದು ‘ಲ್ಯಾನ್ಸೆಟ್’ ಪತ್ರಿಕೆಯ ಲೇಖನವೊಂದು ಸಾರಿತು. ಆಧಾರ: 671 ಆಸ್ಪತ್ರೆಗಳ 96,000 ರೋಗಿಗಳು. ವಿಶ್ವ ಆರೋಗ್ಯ ಸಂಸ್ಥೆ ಆ ಔಷಧದ ಪ್ರಯೋಗವನ್ನು ಕೂಡಲೇ ತಡೆಹಿಡಿಯಿತು. ಮೂಲ ದಾಖಲೆ ತೋರಿಸಿರೆಂದಾಗ ಅವುಗಳ ಒಡೆತನದ ಸರ್ಜಿಸ್ಫಿಯರ್ ಸಂಸ್ಥೆ ನಿರಾಕರಿಸಿತು. ಜೂನ್ 4ರಂದು ಲೇಖನವನ್ನು ಹಿಂತೆಗೆದುಕೊಳ್ಳಲಾಯಿತು. (ಔಷಧವು ನಿಷ್ಪ್ರಯೋಜಕವೆಂದು ಬೇರೆ ಪ್ರಯೋಗಗಳಿಂದ ತಿಳಿದುದು ಬೇರೆ ಮಾತು.) ದಾಖಲೆಗಳನ್ನು ಪ್ರಕಟಣೆಗೆ ಮುನ್ನವೇ ಕೇಳಿದ್ದರೆ?

ನಮ್ಮ ಸರ್ಕಾರವೇನೂ ಮೇಲಲ್ಲ. 2012ರಲ್ಲೇ ದತ್ತಾಂಶ ಹಂಚಿಕೆಯ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿದ ದೇಶದಲ್ಲಿ, 2021ರ ಏಪ್ರಿಲಿನಲ್ಲಿ, ಸ್ಮಶಾನಗಳು ತುಂಬಿದ್ದಾಗ, ಮುನ್ನೂರಕ್ಕೂ ಹೆಚ್ಚು ವಿಜ್ಞಾನಿಗಳು ಕೋವಿಡ್ ಪರೀಕ್ಷೆಗಳ ವಿವರಗಳಿಗಾಗಿ ಪ್ರಧಾನಿಗೆ ಮನವಿ ಸಲ್ಲಿಸಬೇಕಾಯಿತು. ನಮ್ಮದೇ ಮೂಗಿನಿಂದ, ನಮ್ಮದೇ ತೆರಿಗೆಯಿಂದ ಸಂಗ್ರಹಿಸಿದ ವಿವರಗಳವು.

ರೋಗಿಯ ಗೌಪ್ಯವೆಂಬ ಆಕ್ಷೇಪಕ್ಕೆ ಉತ್ತರವುಂಟು: ಗುರುತು ಅಳಿಸಿ, ನಿಯಮಬದ್ಧವಾಗಿ ಕೊಡಿ. ಇನ್ನೊಂದು ಅಳುಕು ಹೆಚ್ಚು ನ್ಯಾಯವಾದದ್ದು. ಹತ್ತು ವರ್ಷ ಕಾಡು ಅಲೆದು ಒಬ್ಬಾಕೆ ಕೂಡಿಸಿದ್ದನ್ನು ಸಿರಿವಂತ ಪ್ರಯೋಗಶಾಲೆಯೊಂದು ಹತ್ತು ದಿನದಲ್ಲಿ ಅರೆದು ಕೀರ್ತಿಯನ್ನು ಹೊತ್ತೊಯ್ದೀತು. ಆದುದರಿಂದ ಸಂಗ್ರಾಹಕರಿಗೆ ಒಂದೆರಡು ವರ್ಷದ ಮೊದಲ ಹಕ್ಕಿರಲಿ. ಬಡ್ತಿ ನೀಡುವಾಗ ಸಂಗ್ರಹವನ್ನೂ ಲೇಖನದಷ್ಟೇ ಗೌರವದಿಂದ ಎಣಿಸಲಿ. ಅಳುಕನ್ನೇ ಬೀಗವಾಗಿಸುವುದು ಸಲ್ಲದು.

ಈ ಚಂದಾ 2027ರವರೆಗಿನದು. ನವೀಕರಣಕ್ಕೆ ಪ್ರಕಾಶಕರು ಬಂದಾಗ ಸರ್ಕಾರವು ಒಂದೇ ಷರತ್ತು ಒಡ್ಡಲಿ: ದತ್ತಾಂಶವನ್ನು ಸಾರ್ವಜನಿಕ ಭಂಡಾರದಲ್ಲಿರಿಸದ, ಇರಿಸದಿರಲು ಕಾರಣವನ್ನೂ ಮುದ್ರಿಸದ ಪತ್ರಿಕೆಗೆ ನಮ್ಮ ಬೊಕ್ಕಸದಿಂದ ಕಾಸಿಲ್ಲ.