ಪ್ರೌಢಶಾಲೆಯ ಗಂಟೆ ಎಂಟೂವರೆಗೆ ಮೊದಲು ಬೇಡ
ಜನವರಿಯಲ್ಲಿ ಬೆಂಗಳೂರಿಗೆ ಸೂರ್ಯ ಬರುವುದು 6.45ರ ಸುಮಾರಿಗೆ. ಅಷ್ಟರಲ್ಲೇ ಜ್ಞಾನಭಾರತಿ, ಮಲ್ಲತ್ತಹಳ್ಳಿ, ಉಲ್ಲಾಳದ ಬೀದಿಗಳಲ್ಲಿ ಸ್ಕೂಲ್ ವ್ಯಾನ್‌ಗಳ ಹಾರ್ನ್ ಕೇಳತೊಡಗಿರುತ್ತದೆ. ನಮ್ಮ ಗಡಿಯಾರ ನಡೆಯುವುದು ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಬೆಂಗಳೂರು ಅದಕ್ಕಿಂತ ಐದು ಡಿಗ್ರಿ ಪಶ್ಚಿಮಕ್ಕಿದೆ. ಹಾಗಾಗಿ ಇಲ್ಲಿನ ಸೂರ್ಯ ಗಡಿಯಾರಕ್ಕಿಂತ ಸುಮಾರು 20 ನಿಮಿಷ ಹಿಂದೆ. ಹೀಗಿರುವಾಗ 2023ರ ಅಕ್ಟೋಬರ್‌ನಲ್ಲಿ, ಸಂಚಾರ ದಟ್ಟಣೆ ತಗ್ಗಿಸಲು ಶಾಲೆಗಳನ್ನು ಇನ್ನೂ ಬೇಗ ತೆರೆಯಬಹುದೇ ಎಂದು ಹೈಕೋರ್ಟ್ ಸೂಚನೆಯಂತೆ ಸರ್ಕಾರ ಚರ್ಚೆಗೆ ಕೂತಿತು. ಶಾಲೆಗಳೂ ಪೋಷಕರೂ ವಿರೋಧಿಸಿದರು. ವಿರೋಧಿಸಿದ್ದು ಸರಿ, ಅದಕ್ಕೆ ಎಲ್ಲಕ್ಕಿಂತ ಗಟ್ಟಿ ಕಾರಣ ಮಕ್ಕಳ ಮೈಯೊಳಗೇ ಇದೆ.

ಮೆದುಳಿನ ತಳದಲ್ಲಿ, ಎರಡು ಕಣ್ಣುಗಳ ನರಗಳು ಸಂಧಿಸುವ ಜಾಗದ ಮೇಲೆ, ಸುಮಾರು 20,000 ನರಕೋಶಗಳ ಪುಟ್ಟ ಗುಂಪೊಂದು ದೇಹದ ಹಗಲಿರುಳನ್ನು ನಡೆಸುತ್ತದೆ. ಕಣ್ಣಿಗೆ ಬಿದ್ದ ಬೆಳಕಿನಿಂದ ಅದು ತನ್ನ ವೇಳೆ ತಿದ್ದಿಕೊಳ್ಳುತ್ತದೆ. ಕತ್ತಲಾದ ಮೇಲೆ ಮೆಲಟೋನಿನ್ ಒಸರುವಂತೆ ಮಾಡುತ್ತದೆ. ಹರೆಯ ಬಂದಾಗ ಈ ಮೆಲಟೋನಿನ್ ಏರುವ ಹೊತ್ತು ಒಂದೆರಡು ಗಂಟೆ ತಡವಾಗುತ್ತದೆ. ಒಂಬತ್ತಕ್ಕೇ ದೀಪ ಆರಿಸಿದರೂ ಹದಿನೈದರ ಹುಡುಗಿ ಹೊರಳಾಡುವುದು ಇದರಿಂದಲೇ. ಆ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಹನ್ನೊಂದಕ್ಕೆ ಕಣ್ಣುಮುಚ್ಚಿ ಐದೂವರೆಗೆ ಎದ್ದರೆ ಸಿಗುವುದು ಆರೂವರೆ. ಖೋತಾ ಆಗುವುದು ಬೆಳಗಿನ ಜಾವದ, ಕನಸುಗಳು ದಟ್ಟವಾಗಿರುವ ನಿದ್ದೆ. ತಡವಾಗಿ ಏಳುವವರನ್ನೆಲ್ಲ ಸೋಮಾರಿಗಳೆನ್ನುವವರು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಹಣ್ಣುನೊಣಗಳನ್ನು ನೆನೆಯಬೇಕು. ಅಲ್ಲಿ ವಿಜಯ್ ಕುಮಾರ್ ಶರ್ಮಾ ಅವರ ತಂಡ, ಬೆಳಿಗ್ಗೆ ಕೋಶ ಒಡೆದು ಬರುವ ನೊಣಗಳನ್ನೂ ಸಂಜೆ ಬರುವವನ್ನೂ ಬೇರ್ಪಡಿಸಿ ತಲೆಮಾರುಗಟ್ಟಲೆ ಸಾಕಿತು. ಎರಡು ವಂಶಗಳ ಒಳಗಡಿಯಾರದ ಓಟವೇ ಬೇರೆಯಾಯಿತು: ಬೆಳಗಿನವಕ್ಕೆ ಚುರುಕು, ಸಂಜೆಯವಕ್ಕೆ ನಿಧಾನ. ಏಳುವ ಹೊತ್ತಿನಲ್ಲಿ ಹುಟ್ಟಿನ ಪಾಲೂ ಇದೆ.

ನಮ್ಮ ಹಿರಿಯರು ಬ್ರಾಹ್ಮೀ ಮುಹೂರ್ತದಲ್ಲಿ ಏಳುತ್ತಿರಲಿಲ್ಲವೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಏಳುತ್ತಿದ್ದರು, ಆದರೆ ಊರಿಗೆ ವಿದ್ಯುತ್ ಬರುವ ಮೊದಲು ಎಂಟಕ್ಕೆಲ್ಲ ಉಂಡು ಮಲಗುತ್ತಿದ್ದರು. ಟ್ಯೂಷನ್ ಮುಗಿಸಿ, ಹೋಂವರ್ಕ್ ಮಾಡಿ ಮಲಗುವ ಮಗುವಿಗೆ ಆ ಪದ್ಧತಿಯ ಅರ್ಧ ಮಾತ್ರ ಹೇರುವುದು ಅನ್ಯಾಯ. ಮೊಬೈಲ್ ಕಿತ್ತಿಡಿ ಎಂಬ ಮಾತು ನಿಜಕ್ಕೂ ತೂಕದ್ದು, ಪರದೆಯ ಬೆಳಕು ನಿದ್ದೆಯನ್ನು ಇನ್ನಷ್ಟು ಮುಂದೂಡುತ್ತದೆ. ಆದರೂ ಶಾಲೆ ತಡವಾದರೆ ಮಕ್ಕಳು ಅಷ್ಟೇ ತಡವಾಗಿ ಮಲಗುತ್ತಾರೆಂಬ ಭಯಕ್ಕೆ ಅಮೆರಿಕದ ಸಿಯಾಟಲ್ ನಗರ ಉತ್ತರ ಕೊಟ್ಟಿದೆ. 2016ರಲ್ಲಿ ಅಲ್ಲಿನ ಪ್ರೌಢಶಾಲೆಗಳು 7.50ರ ಬದಲು 8.45ಕ್ಕೆ ಶುರುವಾದವು, ವಿದ್ಯಾರ್ಥಿಗಳ ನಿದ್ದೆ ದಿನಕ್ಕೆ 34 ನಿಮಿಷ ಹೆಚ್ಚಿತು.

ಕಷ್ಟದ ಆಕ್ಷೇಪ ತಂದೆತಾಯಿಯರ ಕೆಲಸದ ವೇಳೆಯದು. ಗಾರ್ಮೆಂಟ್ಸ್‌ಗೆ ಹೋಗುವ ತಾಯಿ ಮಗುವನ್ನು ಬಿಟ್ಟು ಹೊರಡಬೇಕು. ಅಂಥವರಿಗಾಗಿ ಶಾಲೆಯ ಗೇಟು ಬೇಗ ತೆರೆಯಲಿ, ಪಾಠ ಬೇಗ ಬೇಡ. ಮಹಾರಾಷ್ಟ್ರ 2024ರಲ್ಲಿ ನಾಲ್ಕನೇ ತರಗತಿವರೆಗಿನ ಶಾಲೆಗಳು 9ಕ್ಕೆ ಮೊದಲು ಶುರುವಾಗಬಾರದೆಂದಿತು. ಕಾಳಜಿ ಒಳ್ಳೆಯದೇ, ಆದರೆ ತಾವಾಗಿಯೇ ಬೇಗ ಏಳುವ ಚಿಕ್ಕವರಿಗಿಂತ ಈ ರಕ್ಷಣೆ ಹೆಚ್ಚು ಬೇಕಿದ್ದದ್ದು ಹರೆಯದವರಿಗೆ. ದಟ್ಟಣೆ ಇಳಿಸಲು ಕಚೇರಿಗಳ ವೇಳೆ ಹಂಚಲಿ. ಜನರನ್ನು ಮೆಟ್ರೊದತ್ತ ಸೆಳೆಯಲಿ, 2021ರಲ್ಲೇ ಅದು ಜ್ಞಾನಭಾರತಿಯವರೆಗೂ ಬಂದಿದೆ. ಕರ್ನಾಟಕ ಮೊದಲಿಗೆ ಎಸ್ಸೆಸ್ಸೆಲ್ಸಿ ಮಕ್ಕಳ ಮುಂಜಾನೆಯ ವಿಶೇಷ ತರಗತಿಗಳನ್ನು ಸಂಜೆಗೆ ಸರಿಸಲಿ. ಅದಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ಬಸ್ಸೂ ಬೇಡ.