ಮಾತು ಮುಟ್ಟಬೇಕು

ಮೊನ್ನೆ ಮೊಮ್ಮಗಳ ಜೊತೆ ಸಿಂಧನೂರು ಬಸ್ ನಿಲ್ದಾಣದಲ್ಲಿ ಲಿಂಗಸುಗೂರು ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬ ಪುಟ್ಟ ಹುಡುಗ ಹಟ ಹಿಡಿದು ಅಳುತ್ತಿದ್ದ. ಅವನ ಅಜ್ಜಿ, "ಅಳಬ್ಯಾಡ, ಅಲ್ಲಿ ಪೊಲೀಸಪ್ಪ ನಿಂತಾನ ನೋಡು, ಹಿಡ್ಕೊಂಡು ಹೋಗ್ತಾನ" ಅಂದರು. ಹುಡುಗ ಗಪ್ಪನೆ ಬಾಯಿ ಮುಚ್ಚಿದ. ನನಗೆ ನಗು ಬಂತು. ನನ್ನ ಮಕ್ಕಳಿಗೆ ನಾನೂ ಇದೇ ಮಾತು ಹೇಳಿದವನು! ಆದರೆ ಮೊಮ್ಮಗಳು ನಗಲಿಲ್ಲ.

"ಅಜ್ಜಾ, ನಾಳೆ ಆ ಹುಡುಗ ಜಾತ್ರ್ಯಾಗ ಕಳೆದ್ರ ಯಾರ ಹತ್ರ ಹೋಗ್ತಾನ?"

ನನ್ನಲ್ಲಿ ಉತ್ತರ ಇರಲಿಲ್ಲ. ಆಗ ನೆನಪಾಗಿದ್ದು ಹ್ಯಾಮ್ ರೇಡಿಯೋ.

ಮಕ್ಕಳೇ, ಹ್ಯಾಮ್ ಎಂದರೆ ಹವ್ಯಾಸಕ್ಕಾಗಿ ನಿಸ್ತಂತು ರೇಡಿಯೋ ಬಳಸುವವರು. ಅವರಿಗೆ ಇದರಿಂದ ಸಂಬಳವಿಲ್ಲ, ಇದರಲ್ಲಿ ವ್ಯಾಪಾರದ ಮಾತು ಆಡುವಂತೆಯೂ ಇಲ್ಲ. ಮೊಬೈಲ್ ಗೋಪುರಕ್ಕೆ ಕರೆಂಟ್ ಇಲ್ಲದೆ ಫೋನುಗಳೆಲ್ಲ ಸತ್ತರೂ ಇವರ ರೇಡಿಯೋ ಕಾರಿನ ಬ್ಯಾಟರಿಯಿಂದಲೇ ನಡೆಯುತ್ತದೆ. ಕೆಲವು ಅಲೆಗಳು ಆಕಾಶದ ಮೇಲ್ಪದರಕ್ಕೆ ತಾಗಿ ಬಾಗಿ ನೂರಾರು ಕಿಲೋಮೀಟರ್ ಆಚೆ ಇಳಿಯುತ್ತವೆ. ನಮ್ಮ ಪ್ರಧಾನಿಯಾಗಿದ್ದ ರಾಜೀವ್ ಗಾಂಧಿ ಕೂಡ ಹ್ಯಾಮ್ ಆಗಿದ್ದರು. ರೇಡಿಯೋದಲ್ಲಿ ಅವರ ಹೆಸರು ವಿಯು 2 ಆರ್‌ಜಿ.

2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಹ್ಯಾಮ್ ತಮ್ಮ ತಂಡದೊಂದಿಗೆ ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ಹೋಗಿದ್ದರು. 26ರಂದು ಭೂಮಿ ನಡುಗಿತು, ಸುನಾಮಿ ಬಂತು, ಫೋನು ನಿಂತಿತು. ಹವ್ಯಾಸಕ್ಕೆಂದು ಹೂಡಿದ ರೇಡಿಯೋವೇ ಆಗ ದ್ವೀಪದವರ ಕ್ಷೇಮ ಸಮಾಚಾರವನ್ನು ಈಚೆ ದಡದ ಬಂಧುಗಳಿಗೆ ಮುಟ್ಟಿಸಿತು.

ನಮ್ಮ ಕಡೆಗೂ ನೀರಿನ ಭಯ ಹೊಸದಲ್ಲ. 2009ರ ಅಕ್ಟೋಬರ್ ಮೊದಲ ವಾರ ತುಂಗಭದ್ರೆ ಉಕ್ಕಿ ಮಂತ್ರಾಲಯ ಮುಳುಗಿದ್ದು ಅಜ್ಜ-ಅಜ್ಜಿಯರಿಗೆ ನೆನಪಿರುತ್ತದೆ. ಲಿಂಗಸುಗೂರು ತಾಲೂಕಿನಲ್ಲಿ ನಾರಾಯಣಪುರ ಜಲಾಶಯದಿಂದ ಹೆಚ್ಚು ನೀರು ಬಿಟ್ಟರೆ ಶೀಲಹಳ್ಳಿ ಸೇತುವೆ ಮುಳುಗುತ್ತದೆ. ಯರಗೋಡಿ, ಕಡದರಗಡ್ಡಿ ಕಡೆಯವರಿಗೆ ನೇರ ದಾರಿ ಕಡಿಯುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಿ. ಹ್ಯಾಮ್ ದೋಣಿ ತರುವುದಿಲ್ಲ, ಮಾತನ್ನು ಮಾತ್ರ ದಾಟಿಸುತ್ತಾನೆ. ದೋಣಿ, ಹಗ್ಗ ಹಿಡಿದು ಬರುವವರು ಪೊಲೀಸರು, ಅಗ್ನಿಶಾಮಕದವರು, ಕಂದಾಯ ಇಲಾಖೆಯವರು. ಅವರು ಬಂದು "ಈಗಲೇ ಹೊರಡಿ" ಅಂದಾಗ ಊರವರು ನಂಬಿ ಹೊರಡಬೇಕು. ಖಾಕಿ ಕಂಡೊಡನೆ ಬಾಗಿಲು ಹಾಕಿಕೊಂಡರೆ ಆಕಾಶಕ್ಕೆ ತಾಗಿ ಬಂದ ಮಾತೂ ಹೊಸ್ತಿಲಲ್ಲೇ ನಿಂತುಬಿಡುತ್ತದೆ.

ಊರವರ ಅಂಜಿಕೆ ಸುಮ್ಮನೆ ಹುಟ್ಟಿದ್ದೂ ಅಲ್ಲ. ಠಾಣೆಗೆ ಹೋಗಿ ಗಂಟೆಗಟ್ಟಲೆ ಕೂತು, ಗದರಿಸಿಕೊಂಡು ಬಂದ ಬಡವರಿದ್ದಾರೆ. ಅದನ್ನು ಮರೆಯಿರಿ ಎಂದು ನಾನು ಹೇಳಲಾರೆ. ಬಂದವರನ್ನು ಕೂರಿಸಿ ಕೇಳುವುದು ಪೊಲೀಸರ ಪಾಲಿನ ಕೆಲಸ. ಹುಟ್ಟಿದ ಕೂಸಿನ ಮನಸ್ಸಿನಲ್ಲಿ ಅಂಜಿಕೆ ಬಿತ್ತದಿರುವುದು ನಮ್ಮ ಪಾಲಿನದು. ರಾಜ್ಯದ ಪೊಲೀಸರು "ತೆರೆದ ಮನೆ" ಎಂಬ ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳನ್ನು ಠಾಣೆಗೆ ಕರೆದು ತೋರಿಸುತ್ತಾರೆ. ನಿಮ್ಮ ಶಾಲೆಯಿಂದ ಹೋಗಿಲ್ಲವಾದರೆ ಗುರುಗಳನ್ನು ಕೇಳಿ.

ಹ್ಯಾಮ್‌ಗಳಿಂದ ಕಲಿಯುವ ಶಿಸ್ತು ಒಂದಿದೆ. ಮೊದಲು ಕಿವಿಗೊಡು, ಬೇರೆಯವರು ಮಾತಾಡುತ್ತಿದ್ದರೆ ನಡುವೆ ಬಾಯಿ ಹಾಕಬೇಡ. ನೀನು ಯಾರು, ಎಲ್ಲಿದ್ದಿ, ಏನಾಗಿದೆ, ಎಷ್ಟು ಮಂದಿ ಎಂಬುದನ್ನು ಚುಟುಕಾಗಿ ಹೇಳು. ಕೇಳಿದವನು ಅದನ್ನೇ ತಿರುಗಿ ಓದಿ ಹೇಳಬೇಕು. ಬ್ಯಾಂಕಿನಲ್ಲಿ ನಾವು ಟ್ರಂಕ್ ಕಾಲ್‌ನಲ್ಲಿ ಹಣದ ಅಂಕಿ ಹೇಳುವಾಗಲೂ ಹೀಗೇ ಮಾಡುತ್ತಿದ್ದೆವು. "ಹದಿನೈದು" ಅನ್ನುವುದು "ಐದು" ಎಂದು ಕೇಳಿಸಿದರೆ ಸಂಜೆ ಲೆಕ್ಕ ಕೂಡುತ್ತಿರಲಿಲ್ಲ. ನೆರೆಯಲ್ಲಿ ಲೆಕ್ಕ ತಪ್ಪಿದರೆ ಹತ್ತು ಜೀವ ನೀರಿನಲ್ಲೇ ಉಳಿದಾವು.

ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಈಗ ಒಂದೇ ಸಂಖ್ಯೆ, 112. ಮಕ್ಕಳ ಸಹಾಯವಾಣಿ 1098. ಇವಕ್ಕೆ ಫೋನ್ ಮಾಡುವಾಗಲೂ ಅದೇ ಶಿಸ್ತು ಇರಲಿ. ತಮಾಷೆಗೆ ಮಾತ್ರ ಒತ್ತಬೇಡಿ, ಆ ಹೊತ್ತಿಗೆ ನಿಜವಾಗಿ ಕೂಗುವವರ ದಾರಿ ಕಟ್ಟಿದಂತಾಗುತ್ತದೆ.

ನೀವೂ ಹ್ಯಾಮ್ ಆಗಬಹುದು. ಹನ್ನೆರಡು ವರ್ಷ ತುಂಬಿರಬೇಕು, ಕೇಂದ್ರ ಸರ್ಕಾರ ನಡೆಸುವ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆಯಬೇಕು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಇದಕ್ಕೆ ತರಬೇತಿ ಕೊಡುತ್ತದೆ. ಲೈಸೆನ್ಸ್ ಇಲ್ಲದೆ ಹ್ಯಾಮ್ ರೇಡಿಯೋ ಮುಟ್ಟುವಂತಿಲ್ಲ.

ನಾವು ಹೋಗುವ ದಾರಿಯಲ್ಲೇ ಮಸ್ಕಿ. 1915ರಲ್ಲಿ ಅಲ್ಲಿ ಸಿಕ್ಕ ಬಂಡೆಯ ಶಾಸನದಲ್ಲಿ ಅಶೋಕ ಎಂಬ ಹೆಸರಿದೆ. ಅದರಲ್ಲಿನ ಮಾತನ್ನು ದೊಡ್ಡವರಿಗೂ ಸಣ್ಣವರಿಗೂ ತಿಳಿಸಬೇಕೆಂದು ಅರಸ ಬರೆಸಿದ್ದಾನೆ. ಎರಡು ಸಾವಿರ ವರ್ಷದ ಹಿಂದೆಯೇ ಅವನಿಗೆ ಗೊತ್ತಿತ್ತು, ಮಾತು ಎಲ್ಲರಿಗೂ ಮುಟ್ಟಬೇಕು.

ಇಷ್ಟು ನಾನು ಹೇಳುವಷ್ಟರಲ್ಲಿ ಮೊಮ್ಮಗಳು ಎದ್ದು ನೇರ ಆ ಪೊಲೀಸರ ಹತ್ತಿರ ಹೋದಳು. "ನಮಸ್ಕಾರ್ರೀ, ಲಿಂಗಸುಗೂರು ಬಸ್ ಎಷ್ಟೊತ್ತಿಗೆ ಬರ್ತದ್ರೀ?" ಅವರು ಗಡಿಯಾರ ನೋಡಿ, "ಇನ್ನ ಹತ್ತು ನಿಮಿಷ ಐತವ್ವ, ಅಜ್ಜನ ಹತ್ರ ಕೂತ್ಕೋ" ಅಂದು ನಕ್ಕರು.

ಅಳು ನಿಲ್ಲಿಸಿದ್ದ ಹುಡುಗ ಕಣ್ಣು ಬಿಟ್ಟು ನೋಡುತ್ತಿದ್ದ. ಅವನ ಅಜ್ಜಿಯೂ.